ಹುಚ್ಚಮ್ಮ ನೆಟ್ಟ ಇಪ್ಪತ್ತೇಳು ಗೂಟ

ಓವರ್ಸಿಯರ್ ಬೆಳ್ಳಿಯಪ್ಪನವರು ನಕ್ಷೆಯನ್ನು ಶಾಲೆಯ ಕರಿಹಲಗೆಯ ಮೇಲೆ ಬಿಚ್ಚಿ ನಾಲ್ಕು ಮೂಲೆಗೂ ಮೊಳೆ ಬಡಿದರು. ಸೀಗೆಕೆರೆ ಊರಿನ ಅರವತ್ತು ಎಪ್ಪತ್ತು ಜನ ನಾವು ಮಕ್ಕಳು ಕೂರುವ ಮಣೆಗಳ ಮೇಲೆ ಮಂಡಿ ಮಡಚಿ ಕೂತಿದ್ದೆವು. 1956ರ ಮಾರ್ಚ್ ತಿಂಗಳು. ಕೊಡಗು ಇನ್ನೂ ತನ್ನದೇ ರಾಜ್ಯವಾಗಿತ್ತು. ಆದರೆ ವರ್ಷ ಮುಗಿಯುವುದರೊಳಗೆ ಮೈಸೂರಿಗೆ ಸೇರುತ್ತದೆ ಎಂಬ ಮಾತು ಸಂತೆಯಲ್ಲೆಲ್ಲ ಇತ್ತು. ಸೇರುವ ಮೊದಲು ಮುಗಿಸಬೇಕಾದ ಕೆಲಸಗಳ ಪಟ್ಟಿಯಲ್ಲಿ ನಮ್ಮ ಕೆರೆಯ ಹೆಸರಿದೆ ಎಂದು ಕೇಳಿ ಹಿಗ್ಗಿದ್ದೆವು. ಕೆರೆಯ ಹೂಳು ತೆಗೆಸಿ ಎಂದು ನಾಲ್ಕು ವರ್ಷದಿಂದ ಅರ್ಜಿ ಬರೆಯುತ್ತಿದ್ದವನು ನಾನೇ. ಅಂತೂ ಮಡಿಕೇರಿಯವರ ಕಿವಿಗೆ ಬಿತ್ತು ಎಂದುಕೊಂಡು ಬಂದು ಕೂತಿದ್ದೆವು.

ನಕ್ಷೆಯಲ್ಲಿ ಕೆರೆ ನೀಲಿಯಾಗಿತ್ತು. ಅದರ ನಡು ಸೀಳಿಕೊಂಡು ಒಂದು ಕೆಂಪು ಗೆರೆ ಪಡುವಣ ದಡದಿಂದ ಮೂಡಣ ದಡಕ್ಕೆ ಹೋಗಿತ್ತು.

ಬೆಳ್ಳಿಯಪ್ಪನವರು ಕೋಲಿನಿಂದ ಗೆರೆಯನ್ನು ತೋರಿಸಿ, ಇದೇ ನಿಮ್ಮ ರಸ್ತೆ ಎಂದರು. ಕಲ್ಲು ಮಣ್ಣು ತುಂಬಿ ಕೆರೆಯ ಮೇಲೆ ಹಾಯಿಸುತ್ತೇವೆ, ಮಳೆಗೆ ಮೊದಲೇ ಲಾರಿ ಓಡುತ್ತದೆ, ಆಚೆ ದಡದ ಟಾರು ರಸ್ತೆ ಹತ್ತಿದರೆ ಕುಶಾಲನಗರ ಅರ್ಧ ಗಂಟೆ ಎಂದರು. ನಾನು ಎದ್ದು, ಕೆರೆಯ ಹೊಟ್ಟೆಯೊಳಗೆ ಆ ಜಾಗದಲ್ಲೊಂದು ದಿಬ್ಬವಿದೆ ಎಂದು ಇಲಾಖೆಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಮೇಲಿಂದ ನೋಡಿದರೆ ಆ ದಿಬ್ಬ ಕಾಣುವುದಿಲ್ಲ. ನೂರಾರು ವರ್ಷದ ಹಿಂದಿನ ಯಾವುದೋ ಹಳೇ ಏರಿ ಅದು. ಬೇಸಗೆಯಲ್ಲೂ ನೀರಿನಡಿಯಲ್ಲೇ ಇರುತ್ತದೆ.

ಅವರು ಚೀಲದಿಂದ ಉದ್ದನೆಯ ಪುಸ್ತಕ ತೆಗೆದು ಓದಿದರು. ಸ್ಥಳೀಯ ನಿವಾಸಿ, ಜವರಯ್ಯನ ಹೆಂಡತಿ ಹುಚ್ಚಮ್ಮ ಎಂಬವರು ಖುದ್ದು ನೀರಿಗಿಳಿದು ತೋರಿಸಿದಂತೆ ಇಪ್ಪತ್ತೇಳು ಗೂಟ. ನೆಲ ಗಟ್ಟಿ. ಎಡಗೈ ಹೆಬ್ಬೆಟ್ಟಿನ ಗುರುತು.

ಅರವತ್ತು ತಲೆಗಳೂ ಬಾಗಿಲ ಕಡೆ ತಿರುಗಿದವು. ಹುಚ್ಚಮ್ಮ ಹೊಸ್ತಿಲ ಹತ್ತಿರ, ಸಂತೆಯಿಂದ ತಂದ ಖಾಲಿ ಮೀನುಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎದ್ದು ನಿಂತಳು. ಬುಟ್ಟಿ ಉರುಳಿ ಮಣೆಯ ಅಡಿಗೆ ಹೋಯಿತು.

"ಅದು ಹೂಳಿಗಲ್ವಾ ಸಾಮಿ?"

"ಯಾವ ಹೂಳಮ್ಮ?" ಎಂದರು ಬೆಳ್ಳಿಯಪ್ಪನವರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಲಾಠಿ ಏಟು ತಿಂದವರನ್ನು ನಾನು ನೋಡಿದ್ದೇನೆ. ಏಟು ಬಿದ್ದ ಗಳಿಗೆಯಲ್ಲಿ ಮುಖದಲ್ಲಿ ನೋವಿರುವುದಿಲ್ಲ, ಏನಾಯಿತೆಂದು ತಿಳಿಯದ ಒಂದು ಪೆಚ್ಚುತನ ಇರುತ್ತದೆ. ಅವತ್ತು ಹುಚ್ಚಮ್ಮನ ಮುಖ ಹಾಗಿತ್ತು.

ಅವಳು ಪಿರಿಯಾಪಟ್ಟಣದ ಕಡೆಯ ಬೇಸಾಯದ ಮನೆಯ ಹೆಣ್ಣು. ಹದಿನಾಲ್ಕಕ್ಕೆ ಮದುವೆಯಾಗಿ ಬಂದಾಗ ನೀರೆಂದರೆ ಬಾವಿಯ ನೀರು ಮಾತ್ರ ಕಂಡಿದ್ದಳು. ಜವರಯ್ಯನಿಗೆ ಕೆರೆಯ ಕೆಳಗೆ ಅರ್ಧ ಎಕರೆ ಗದ್ದೆ, ಮಿಕ್ಕ ಹೊಟ್ಟೆಗೆ ಕೆರೆಯ ಮೀನು. ಮರ ಎಳೆಯುವಾಗ ದಿಮ್ಮಿ ಉರುಳಿ ಅವನ ಬಲಗಾಲು ಸೊಟ್ಟಗಾದ ಮೇಲೆ ಅವನು ಜಗಲಿಯಲ್ಲಿ ಕೂತು ಬಿದಿರಿನ ಕೂಣಿ ಹೆಣೆಯುವವನಾದ, ಇವಳು ನೀರಿಗಿಳಿಯುವವಳಾದಳು. ಕೂಣಿಯೆಂದರೆ ಬಾಯಿ ಅಗಲ, ಕತ್ತು ಸಣ್ಣ. ಒಳಗೆ ಹೋದ ಮೀನು ಹಿಂದಿರುಗಲಾರದು. ಎಲ್ಲಿ ಕೂಣಿ ಇಟ್ಟರೆ ಏನು ಬೀಳುತ್ತದೆಂದು ಅವಳು ಇಪ್ಪತ್ತು ವರ್ಷ ಕಾಲಿನಿಂದಲೇ ಕಲಿತಳು. ಆಳವನ್ನು ಅವಳು ಮೈಯಲ್ಲೇ ಹೇಳುವಳು. ಆಲದ ಬೇರಿನ ಹತ್ತಿರ ತೊಡೆಯುದ್ದ, ಜೊಂಡಿನ ಬಾಯಲ್ಲಿ ಸೊಂಟದುದ್ದ, ತೂಬಿನ ಕಡೆ ನನ್ನ ಕೇಳಬೇಡಿ, ಅಲ್ಲಿಗೆ ಹೋದವರು ಯಾರೂ ವಾಪಸು ಬಂದು ಹೇಳಿಲ್ಲ.

ಜನವರಿಯಲ್ಲಿ ಅಳತೆಯವರು ಬಂದಾಗ ಅವರ ಆಳುಗಳು ಜಿಗಣೆಗೆ ಹೆದರಿ ದಡದಲ್ಲೇ ಪಂಚೆ ಎತ್ತಿಕೊಂಡು ನಿಂತರು. ಒಬ್ಬ ಇಳಿದವನು ಹೂಳಿಗೆ ಸೊಂಟದವರೆಗೆ ಹುಗಿದು, ಅವನನ್ನು ಎಳೆದು ತೆಗೆಯುವಷ್ಟರಲ್ಲಿ ಸಾಕಾಗಿತ್ತು. ಕೆರೆ ಬಲ್ಲವರು ಯಾರಿದ್ದಾರೆ ಎಂದು ಕೇಳಿದರು. ಹುಚ್ಚಮ್ಮನ ಮನೆಗೆ ಹೋಗಿ ಅವಳನ್ನು ಕರೆದು ತಂದವನು ನಾನು. ಹೂಳು ತೆಗೆಯೋಕೆ ಅಳೀತಾವ್ರೆ, ಗಟ್ಟಿ ನೆಲ ಎಲ್ಲಿದೆ ತೋರಿಸು, ಅದನ್ನು ಬಿಟ್ಟು ಮಿಕ್ಕಿದ್ದು ಅಗೀತಾರೆ ಎಂದು ನಾನೇ ಅರ್ಥ ಹೇಳಿದ್ದೆ. ಅವಳು ಬಿದಿರ ಗೂಟಗಳನ್ನು ಹೆಗಲ ಮೇಲೆ ಹೊತ್ತು, ದಿಬ್ಬದ ಮೇಲೆ ಆ ದಡದಿಂದ ಈ ದಡಕ್ಕೆ ಇಪ್ಪತ್ತಡಿಗೊಂದರಂತೆ ನೆಟ್ಟಳು. ಪ್ರತಿ ಗೂಟದ ಹತ್ತಿರವೂ ನೇರ ನಿಂತು, ನೀರು ಎಲ್ಲಿಗೆ ಬಂತೆಂದು ಕೂಗಿ ಹೇಳಿದಳು. ಅವರು ಬರೆದುಕೊಂಡರು. ತುದಿಗೆ ಕೆಂಪು ಬಟ್ಟೆ ಕಟ್ಟಿಸಿದರು. ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು.

"ನನ್ನ ಹೆಂಡ್ತೀನೇ ಅಳತೆಕೋಲು ಮಾಡ್ಕಂಡವ್ರೆ, ಒಂದು ಬೀಡಿ ಸೈತ ಕೊಡ್ಲಿಲ್ಲ" ಎಂದು ಜವರಯ್ಯ ಅವತ್ತು ನಕ್ಕಿದ್ದ.

ಆ ದಿಬ್ಬವೇ ಕೆರೆಯ ಜೀವ. ಅದರ ಕೆಳಗೆ ಆಳದ ನೀರು. ಅದರ ಮೇಲ್ಗಡೆ ಜೊಂಡು, ಅದರಾಚೆ ಗದ್ದೆ ಬಯಲು, ಹಳ್ಳದ ಬಾಯಿ. ಜೂನಿನ ಮೊದಲ ಮಳೆಗೆ ಕೆಂಪು ನೀರು ಇಳಿದು ಬಂದಾಗ ಆಳದಲ್ಲಿದ್ದ ಗೆಂಡೆ, ಪಕ್ಕೆ, ಕೊರವ ಎಲ್ಲವೂ ಮೊಟ್ಟೆ ತುಂಬಿಕೊಂಡು ದಿಬ್ಬ ಹಾಯ್ದು ಮೇಲಕ್ಕೆ ಹತ್ತುತ್ತವೆ. ಹತ್ತುವ ಮೀನನ್ನು ನಮ್ಮೂರಲ್ಲಿ ಯಾರೂ ಹಿಡಿಯುವುದಿಲ್ಲ. ಹಿಡಿಯುವುದು ತಿಂಗಳೊಪ್ಪತ್ತು ಕಳೆದು ಮರಿಗಳ ಜತೆ ಇಳಿಯುವಾಗ. ದಿಬ್ಬದ ಮೇಲೆ ಮಣ್ಣು ಸುರಿದರೆ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಎರಡು ವರ್ಷದಲ್ಲಿ ಕೆರೆಯಲ್ಲಿ ಕಪ್ಪೆ ಮಾತ್ರ.

ಬೆಳ್ಳಿಯಪ್ಪನವರು ಒಳ್ಳೆಯ ಮನುಷ್ಯ. ಮೂರು ಕಡೆ ಕೊಳವೆ ಇಡುತ್ತೇವೆ, ಮೀನು ಅದರೊಳಗೆ ಹೋಗಲಿ ಎಂದರು.

"ಕತ್ತಲಿಗೆ ಮೀನು ಹತ್ತಲ್ಲ ಸಾಮಿ," ಎಂದಳು ಹುಚ್ಚಮ್ಮ. "ಅಗಲಕ್ಕೆ, ತೆಳ್ಳಗೆ, ಬೆಳಕಲ್ಲಿ ನೀರು ಹರೀಬೇಕು. ಆಗ ಹತ್ತುತ್ತೆ."

ಆಗ ಸಿದ್ದಬಸಪ್ಪನವರು ಎದ್ದರು. ಊರಿನ ದಿನಸಿ ಅಂಗಡಿ ಅವರದು, ಭತ್ತದ ವ್ಯಾಪಾರವೂ ಅವರದು; ಹಣೆಯ ತುಂಬ ವಿಭೂತಿ, ಮೀನಿನ ವಾಸನೆ ಬಂದರೆ ಉತ್ತರೀಯ ಮೂಗಿಗೆ ಹೋಗುತ್ತಿತ್ತು. ಅವರ ಲಾಭಕ್ಕೆ ರಸ್ತೆ ಎಂದು ಹೇಳಲು ನಾನು ಮಾತು ಸಜ್ಜು ಮಾಡಿಕೊಂಡಿದ್ದೆ. ಅವರು ವ್ಯಾಪಾರದ ಸುದ್ದಿಯನ್ನೇ ಎತ್ತಲಿಲ್ಲ.

"ನನ್ನ ಹಿರೀ ಸೊಸೆ ಸುಲೋಚನ ಸತ್ತಾಗ ಗಾಡಿ ಎಲ್ಲಿತ್ತು? ಹುಚ್ಚಮ್ಮ ಹೇಳ್ಲಿ. ಗಾಡೀಲಿ ಅವಳ ತಲೆ ಹಿಡ್ಕಂಡು ಕೂತಿದ್ದೋಳು ಇವಳೇ."

ಹುಚ್ಚಮ್ಮ ನೆಲ ನೋಡಿದಳು. "ಹಳ್ಳದ ನಡುವೆ" ಎಂದಳು.

ಅದು ಎರಡು ವರ್ಷದ ಹಿಂದಿನ ಮಾತು. ನಮ್ಮೂರಿಂದ ಟಾರು ರಸ್ತೆ ಸೇರಲು ಕೆರೆಯ ತಲೆಯ ಕಡೆಯಿಂದ ಹಳ್ಳ ದಾಟಿ ನಾಲ್ಕು ಮೈಲಿ ಸುತ್ತಬೇಕು. ಏರಿಯ ಮೇಲೆ ಹೋಗೋಣವೆಂದರೆ ಆಚೆ ತುದಿಯಲ್ಲಿ ಕೋಡಿ ಆಳೆತ್ತರದಿಂದ ಬೀಳುತ್ತದೆ. ಸುಲೋಚನಮ್ಮನಿಗೆ ಹೆರಿಗೆ ಕಷ್ಟವಾಗಿ ಗಾಡಿ ಕಟ್ಟಿದರು. ಹಳ್ಳದಲ್ಲಿ ಚಕ್ರ ಹುಗಿದುಹೋಯಿತು. ಎತ್ತು ಬಿಚ್ಚಿ, ಗಾಡಿ ನೂಕಿ, ಮತ್ತೆ ಕಟ್ಟುವಷ್ಟರಲ್ಲಿ ತಾಯಿಯೂ ಇಲ್ಲ, ಕೂಸೂ ಇಲ್ಲ. ಹುಚ್ಚಮ್ಮ ಹೆರಿಗೆ ಮಾಡಿಸುವವಳಲ್ಲ. ಕೆರೆಯಿಂದ ಮನೆಗೆ ಹೋಗುತ್ತಿದ್ದವಳು ಗಾಡಿಯ ಹಿಂದೆ ಯಾರೂ ಹೆಂಗಸರಿಲ್ಲವೆಂದು ಒದ್ದೆ ಸೀರೆಯಲ್ಲೇ ಹತ್ತಿದ್ದಳು.

"ರಸ್ತೆ ಬೇಕೋ ಬೇಡ್ವೋ, ಅವಳೇ ಹೇಳ್ಲಿ" ಎಂದು ಸಿದ್ದಬಸಪ್ಪನವರು ಕೂತರು.

ಹುಚ್ಚಮ್ಮ ಮಣೆಯ ಅಡಿಯಿಂದ ಬುಟ್ಟಿಯನ್ನು ಎಳೆದುಕೊಂಡು ಹೊರಗೆ ಹೋದಳು.

ಅಲ್ಲಿಂದ ಊರು ಎರಡಾಯಿತು. ಮೀನು ಹಿಡಿಯುವ ಹದಿನಾರು ಮನೆ ಮತ್ತು ಕೆರೆಯ ಕೆಳಗಿನ ಗದ್ದೆಯವರು ಒಂದು ಕಡೆ. ಸಿದ್ದಬಸಪ್ಪನವರು, ಅವರ ಕಡೆಯ ಕೇರಿ, ಬಸ್ಸು ಹತ್ತಿ ಓದಲು ಹೋಗಬೇಕಾದ ಮಕ್ಕಳ ಅಪ್ಪಂದಿರು ಇನ್ನೊಂದು ಕಡೆ. ದೊಡ್ಡ ಇಂಜಿನಿಯರು ಹನ್ನೆರಡು ದಿನದಲ್ಲಿ ಸ್ಥಳ ನೋಡಲು ಬರುವವರಿದ್ದರು. ಅವರು ಗೂಟದ ಸಾಲು ನೋಡಿ ಹೂಂ ಎಂದ ಮರುದಿನವೇ ಕಲ್ಲಿನ ಲಾರಿ. ನಮ್ಮ ಕಡೆಯವರು ನನ್ನ ಜಗಲಿಯಲ್ಲಿ ಕೂಡಿದೆವು. ನಾನು ನಲವತ್ತೆರಡರ ಚಳವಳಿಯಲ್ಲಿ ಆರು ತಿಂಗಳು ಜೈಲಿನಲ್ಲಿದ್ದು ಬಂದವನು, ಹಾಗಾಗಿ ಊರಿಗೆ ಜೈಲಣ್ಣ. ಅಧಿಕಾರಿಗಳು ಬರುವ ಹೊತ್ತಿಗೆ ಗೂಟವೇ ಇರಬಾರದು, ಗೂಟವಿಲ್ಲದಿದ್ದರೆ ದಿಬ್ಬವೆಲ್ಲಿದೆಯೆಂದು ಅವರಪ್ಪನಿಗೂ ತಿಳಿಯುವುದಿಲ್ಲ ಎಂದೆ. ನಾಳೆ ಬೆಳಿಗ್ಗೆ ಕಿತ್ತು ಹಾಕೋಣ ಎಂದೆ.

ಎಲ್ಲರೂ ತಲೆ ತಗ್ಗಿಸಿದರು. ಜವರಯ್ಯನ ತಮ್ಮ ಸೋಮ ಬಿಸಿರಕ್ತದವನು, ಎಲ್ಲದಕ್ಕೂ ಮುಂದೆ ಬೀಳುವವನು. ಅವನೂ ಕಾಲ ಉಗುರು ಕೆರೆಯುತ್ತ ಕೂತ. ನನಗೆ ಕೆರೆಯ ಕಟ್ಟಳೆ ಮರೆತಿತ್ತು. ಸೀಗೆಕೆರೆಯಲ್ಲಿ ಒಬ್ಬರು ನೆಟ್ಟ ಗೂಟವನ್ನು ಇನ್ನೊಬ್ಬರು ಕೀಳುವುದಿಲ್ಲ. ಕೂಣಿ ಕಟ್ಟಲು ನೆಟ್ಟದ್ದಿರಲಿ, ಬಲೆಗೆ ನೆಟ್ಟದ್ದಿರಲಿ, ನೆಟ್ಟ ಕೈಯೇ ಕೀಳಬೇಕು. ನೆಟ್ಟವರು ಸತ್ತರೆ ಗೂಟ ಅಲ್ಲೇ ಕೊಳೆಯಬೇಕು. ಅಣ್ಣತಮ್ಮಂದಿರು ಗದ್ದೆಯ ಬದುವಿಗೆ ಕತ್ತಿ ಎತ್ತಿದ್ದು ಉಂಟು, ಕೆರೆಯ ಗೂಟಕ್ಕೆ ಕೈ ಹಾಕಿದ್ದಿಲ್ಲ.

ಇಂಥದ್ದನ್ನೆಲ್ಲ ಮೂಢನಂಬಿಕೆ ಎಂದು ಬೈಯುವ ಕಾಲ ಅದು ನನಗೆ. ಮರುದಿನ ಬೆಳಿಗ್ಗೆ ಒಬ್ಬನೇ ಪಂಚೆ ಎತ್ತಿ ಕಟ್ಟಿ ಇಳಿದೆ. ಮೊದಲನೆಯ ಗೂಟಕ್ಕೆ ಎರಡೂ ಕೈ ಹಾಕಿ ಅಲುಗಿಸುತ್ತಿದ್ದಾಗ ದಡದಿಂದ ದನಿ ಬಂತು.

"ಕೈ ತಗೀ ಜೈಲಣ್ಣ."

ಹುಚ್ಚಮ್ಮ ಕೂಗಿರಲಿಲ್ಲ. ಕೂಗದೆ ಇದ್ದದ್ದಕ್ಕೇ ನನ್ನ ಕೈ ನಿಂತಿತು. ಊರಿನ ಒಳ್ಳೆಯದಕ್ಕೆ ಅಲ್ಲವೇ ಎಂದು ಕೇಳಿದೆ.

"ಇವತ್ತು ಊರ ಒಳ್ಳೇದಕ್ಕೆ ನೀನು ನನ್ನ ಗೂಟ ಕೀಳ್ತೀಯ. ನಾಳೆ ತನ್ನ ಒಳ್ಳೇದಕ್ಕೆ ಸೋಮ ಪಕ್ಕದೋನ ಗೂಟ ಕೀಳ್ತಾನೆ. ಆಮೇಲೆ ರಸ್ತೆ ಬರ್ದಿದ್ರೂ ಕೆರೆ ಇರಲ್ಲ."

ಹಾಗಾದರೆ ನೀನೇ ಕೀಳು ಎಂದೆ. ಅದಕ್ಕೂ ಅವಳು ತಲೆಯಾಡಿಸಲಿಲ್ಲ. ಯೋಚನೆ ಮಾಡಬೇಕು, ಹೆಬ್ಬೆಟ್ಟು ಒತ್ತಿದ್ದೀನಿ ಎಂದಳು. ಆ ಹೆಬ್ಬೆಟ್ಟನ್ನು ಮೋಸದಿಂದ ಒತ್ತಿಸಿಕೊಂಡರು ಎಂದೆ. ಅವಳು ನನ್ನನ್ನೇ ನೋಡುತ್ತ ನಿಂತಳು. ಹೂಳಿನ ಮಾತು ಅವಳಿಗೆ ಹೇಳಿದವನು ಯಾರೆಂದು ನನಗೆ ಆಗ ನೆನಪಾಯಿತು. ದಡ ಹತ್ತಿ ಮನೆಗೆ ಹೋದೆ. ಕಾಲಿಗೆ ಮೂರು ಜಿಗಣೆ ಕಚ್ಚಿದ್ದವು.

ಇಂಜಿನಿಯರು ಬರುವ ದಿನ ನಾವು ನಲವತ್ತು ಜನ ಹಳೇ ಕೊಡೆಗಳ ಕರಿಬಟ್ಟೆ ಹರಿದು ಬಾವುಟ ಮಾಡಿಕೊಂಡು ದಡದಲ್ಲಿ ನಿಂತಿದ್ದೆವು. ಎದುರಿಗೆ ಸಿದ್ದಬಸಪ್ಪನವರ ಕಡೆಯವರು ನಿಂಬೆಹಣ್ಣಿನ ಪಾನಕ, ಹೂವಿನ ಹಾರ ಇಟ್ಟುಕೊಂಡಿದ್ದರು. ಜೀಪು ಬಂತು. ಬೂಟು ಹಾಕಿದ ಇಂಜಿನಿಯರು, ಅವರ ಹಿಂದೆ ನಕ್ಷೆ ಹಿಡಿದ ಬೆಳ್ಳಿಯಪ್ಪನವರು. ನಾವು ಕೂಗಲು ಶುರು ಮಾಡಿದೆವು. ಅಷ್ಟರಲ್ಲಿ ಹುಚ್ಚಮ್ಮ ಸೀರೆಯನ್ನು ಮಂಡಿಯ ಮೇಲೆ ಕಚ್ಚೆ ಹಾಕಿಕೊಂಡು ಎರಡೂ ಗುಂಪಿನ ನಡುವೆ ಹಾದು ನೀರಿಗಿಳಿದಳು.

ಗೂಟದ ಸಾಲು ಹಿಡಿದು ನಡೆದಳು. ಒಂದು ದಾಟಿದಳು, ಎರಡು ದಾಟಿದಳು. ಹನ್ನೆರಡು ದಾಟಿ ಹದಿಮೂರನೆಯದರ ಮುಂದೆ ನಿಂತು, ಅದನ್ನು ಅತ್ತಿತ್ತ ತಿರುವಿ, ಮೇಲಕ್ಕೆಳೆದಳು. ನಮ್ಮ ಕಡೆ ಆರ್ಭಟ ಎದ್ದಿತು. ಸೋಮ ಬಾವುಟವನ್ನು ಮೇಲಕ್ಕೆಸೆದ. ಹದಿನಾಲ್ಕು ಬಂತು. ಹದಿನೈದು ಬಂತು. ಹದಿನಾರನೆಯದು ಮುರಿದು ಬಂತು. ಅವಳು ಮುಳುಗಿ ಅದರ ಬುಡವನ್ನೂ ತಂದಳು. ನಾವು ಹದಿನೇಳಕ್ಕೆ ಕಾದೆವು. ಅವಳು ನಾಲ್ಕನ್ನೂ ಕಂಕುಳಲ್ಲಿ ಅವುಚಿಕೊಂಡು ಹಿಂದಿರುಗಿದಳು.

ಮೇಲೆತ್ತಿದ್ದ ಬಾವುಟಗಳು ಒಂದೊಂದಾಗಿ ಕೆಳಗಿಳಿದವು. ಅವಳು ದಡಕ್ಕೆ ಬಂದು ಇಂಜಿನಿಯರ ಬೂಟಿನ ಮುಂದೆ ನಾಲ್ಕು ಗೂಟಗಳನ್ನೂ ಇಟ್ಟಳು.

"ಇಷ್ಟು ತೆರವು ಬಿಡಿ ಸಾಮಿ. ಮೀನು ಹತ್ತೋದು ಅಲ್ಲೇಯ. ಅದ್ರ ಮೇಲೆ ಸೇತುವೆ ಮಾಡಿ. ಮಿಕ್ಕಿದ್ದು ರಸ್ತೆ ಮಾಡ್ಕಳಿ."

ಇಂಜಿನಿಯರು ಬೆಳ್ಳಿಯಪ್ಪನವರ ಮುಖ ನೋಡಿದರು. ಹನ್ನೆರಡನೆಯ ಗೂಟದಿಂದ ಹದಿನೇಳನೆಯದಕ್ಕೆ ನೂರಡಿ ಆಗುತ್ತದೆ ಸರ್, ಸೇತುವೆ ಎಸ್ಟಿಮೇಟಿನಲ್ಲಿ ಇಲ್ಲ ಎಂದರು ಬೆಳ್ಳಿಯಪ್ಪನವರು. ಇಂಜಿನಿಯರು ಒಂದಷ್ಟು ಹೊತ್ತು ಕೆರೆ ನೋಡಿದರು, ಗಡಿಯಾರ ನೋಡಿದರು. ತೋರಿಸಿದ ಸ್ಥಳೀಯರೇ ಹೀಗೆ ಗುರುತು ಕಿತ್ತು ಷರತ್ತು ಹಾಕಿದರೆ ಅದನ್ನು ಬರೆದುಕೊಳ್ಳದೆ ಕೆಲಸ ಶುರು ಮಾಡುವಂತಿಲ್ಲ, ಫೈಲು ಮಡಿಕೇರಿಗೆ ವಾಪಸು ಹೋಗಲಿ ಎಂದರು. ಪಾನಕ ಕುಡಿಯಲಿಲ್ಲ. ಜೀಪು ಹೋಯಿತು.

ಯಾರೂ ಅವಳ ಹತ್ತಿರ ಹೋಗಲಿಲ್ಲ. ರಸ್ತೆ ನಿಲ್ಲಿಸಿದಳೆಂದು ಸಿದ್ದಬಸಪ್ಪನವರು ಬೆನ್ನು ತಿರುಗಿಸಿದರು. ಅವತ್ತಿನಿಂದ ಅವಳಿಗೆ ಅಂಗಡಿಯಲ್ಲಿ ಉಪ್ಪು ಸಿಗಲಿಲ್ಲ. ಮೀನು ಒಣಗಿಸುವವಳಿಗೆ ಉಪ್ಪಿಲ್ಲವೆಂದರೆ ಕೈ ಕಟ್ಟಿದ ಹಾಗೆ. ಅವಳು ಕುಶಾಲನಗರದಿಂದ ಹೊತ್ತು ತರತೊಡಗಿದಳು. ನಮ್ಮ ಕಡೆಯವರು ಇಪ್ಪತ್ತಮೂರು ಗೂಟ ಬಿಟ್ಟು ಬಂದವಳೆಂದು ಅವಳನ್ನು ಸಭೆಗೆ ಕರೆಯುವುದು ನಿಲ್ಲಿಸಿದೆವು. ನಾನೂ ಕರೆಯಲಿಲ್ಲ. ಸೋಮ ಅತ್ತಿಗೆಯ ಎದುರಿಗೇ, ನಾಲ್ಕು ಕಿತ್ತಿದ್ದು ನಮಗೆ, ಇಪ್ಪತ್ತಮೂರು ಸಾವ್ಕಾರರಿಗೆ ಎಂದು ಚುಚ್ಚಿದ. ಅದಕ್ಕೆ ಜವರಯ್ಯ ಕೂಣಿಯ ಕಡ್ಡಿ ಸೀಳುತ್ತಲೇ, ನಿನಗೆ ಸೊಂಟದುದ್ದ ನೀರಿಗೆ ಇಳಿಯಲು ಬರುವುದಿಲ್ಲ, ಎಣಿಕೆ ಮಾತ್ರ ಚೆನ್ನಾಗಿ ಬರುತ್ತದೆ ಎಂದನಂತೆ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಎರಡು ದಿನ ಬಿಡಲಿಲ್ಲ. ಹಳ್ಳ ಉಕ್ಕಿ ಗಾಡಿ ದಾರಿಯನ್ನು ಕಿತ್ತುಕೊಂಡು ಹೋಯಿತು. ಮೂರನೆಯ ದಿನ ಬೆಳಿಗ್ಗೆ ಎಂಟರ ಹೊತ್ತಿಗೆ ನಾನು ಹುಚ್ಚಮ್ಮನ ಮನೆಯ ಮುಂದೆ ಹಾದು ಹೋಗುತ್ತಿದ್ದೆ. ಅಂಗಳದಲ್ಲಿ ಸಿದ್ದಬಸಪ್ಪನವರು ಮಳೆಗೆ ಎಲೆಯ ಗೊರಬು ಹೊದ್ದು ನಿಂತಿದ್ದರು. ಆ ಅಂಗಳಕ್ಕೆ ಅವರು ಕಾಲಿಟ್ಟದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಗೋಡೆಗೆ ಒಣಮೀನಿನ ಸರ ತೂಗುತ್ತಿತ್ತು. ಅವರ ಉತ್ತರೀಯ ಮೂಗಿಗೆ ಹೋಗಿರಲಿಲ್ಲ.

ಅವರ ಕಿರಿಯ ಸೊಸೆ ಮಹಾದೇವಮ್ಮನಿಗೆ ಹಿಂದಿನ ಸಂಜೆಯಿಂದ ನೋವು. ಕೂಸು ಅಡ್ಡ ತಿರುಗಿದೆ, ನನ್ನ ಕೈಲಾಗುವುದಿಲ್ಲ ಎಂದು ಸೂಲಗಿತ್ತಿ ಕೈ ಬಿಟ್ಟಿದ್ದಳು. ಇದನ್ನು ಅವರು ಹೇಳಲಿಲ್ಲ. ನಿಂತೇ ಇದ್ದರು. ಬಾಗಿಲಿಗೆ ಬಂದ ಹುಚ್ಚಮ್ಮ ಮುಖ ನೋಡಿಯೇ ತಿಳಿದುಕೊಂಡಳು.

"ಮಂಚ ಹಗ್ಗದ್ದಾ?" ಎಂದಳು.

"ಹಗ್ಗದ್ದೇ."

"ತರಿಸಿ. ಉದ್ದ ಇರೋ ಗಂಡಸರು ಬೇಕು. ಜೈಲಣ್ಣ, ನೀನೂ ಬಾ."

ಕೆರೆ ತುಂಬುತ್ತಿತ್ತು, ನೀರು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಇಪ್ಪತ್ತಮೂರು ಗೂಟಗಳ ತುದಿ, ಬಣ್ಣ ಹೋದ ಬಟ್ಟೆ ಮಾತ್ರ ಮೇಲಿತ್ತು. ಆ ಸಾಲು ಹಿಡಿದು ಕೆರೆ ದಾಟಿ ಟಾರು ರಸ್ತೆಗೆ ಒಯ್ಯೋಣ ಎಂದಳು. ಆರು ಜನ ಮಂಚವನ್ನು ತಲೆಯ ಮೇಲೆ ಹೊತ್ತೆವು. ನನ್ನ ಮುಂದೆ ಸೋಮ. ಪಕ್ಕದಲ್ಲಿ ಸಿದ್ದಬಸಪ್ಪನವರು, ತಮ್ಮ ಗೊರಬನ್ನು ಸೊಸೆಯ ಮುಖಕ್ಕೆ ಅಡ್ಡ ಹಿಡಿದು. ಮಂಚದ ಮೇಲಿಂದ ನರಳುವುದು ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು. ಗೂಟ ಹಿಡಿದು ಗೂಟಕ್ಕೆ ನಡೆದೆವು. ನೀರು ನಮಗೆ ಸೊಂಟಕ್ಕಿತ್ತು, ಆಮೇಲೆ ಎದೆಗೆ.

ಹನ್ನೆರಡನೆಯ ಗೂಟದಲ್ಲಿ ನಿಂತೆವು. ಮುಂದೆ ನೂರಡಿ ಬರೀ ಕೆಂಪು ನೀರು. ಹದಿನೇಳನೆಯ ಗೂಟ ದೂರದಲ್ಲಿ ಮಸುಕಾಗಿ ಕಂಡಿತು. ದಿಬ್ಬ ಅಲ್ಲಿ ಬಾಗಿ ಹೋಗುತ್ತದೆ, ನೇರ ನಡೆದರೆ ಆಳಕ್ಕೆ ಬೀಳುತ್ತೇವೆ. ಅವಳು ಕಿತ್ತ ನಾಲ್ಕೂ ಇದ್ದದ್ದು ಇಲ್ಲಿ. ಹೋರಾಟ ಮಾಡುವವನಿಗೆ ಗೆದ್ದದ್ದು ಹೀಗೆ ಎದುರಿಗೆ ಬಂದು ನಿಲ್ಲುತ್ತದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಸೋಮ ಹಿಂದೆ ತಿರುಗದೆ, ಈಗೇನು ಮಾಡುವುದೆಂದು ಕೇಳಿದ.

ಹುಚ್ಚಮ್ಮ ನಮ್ಮ ಮುಂದೆ ಹಾಯ್ದು, ಕಾಲಿನಿಂದ ನೆಲ ತಡವುತ್ತ ಇಪ್ಪತ್ತಡಿ ಹೋಗಿ ನಿಂತಳು. ಕುಳ್ಳಗಿನ ಹೆಂಗಸು, ನೀರು ಅವಳ ಗಲ್ಲಕ್ಕಿತ್ತು. ಒಂದು ಕೈ ಮೇಲೆತ್ತಿದಳು. ನಾವು ಆ ಕೈ ನೋಡಿಕೊಂಡು ಹೋದೆವು. ಮುಟ್ಟಿದ ಮೇಲೆ ಅವಳು ಮುಂದಕ್ಕೆ ಹೋಗಿ ಮತ್ತೆ ನಿಂತು ಕೈ ಎತ್ತಿದಳು. ಹೀಗೆ ನಾಲ್ಕು ಸಲ. ತಾನು ಕಿತ್ತ ಪ್ರತಿಯೊಂದು ಗೂಟದ ಜಾಗದಲ್ಲೂ ನಿಂತಳು.

ಮೂರನೆಯ ಸಲಕ್ಕೆ ನಮ್ಮ ಕಾಲಿಗೆ ಏನೋ ಬಡಿಯತೊಡಗಿತು. ಒಂದಲ್ಲ, ಹತ್ತಲ್ಲ. ಮೊಣಕಾಲಿಗೆ, ಮೀನಖಂಡಕ್ಕೆ, ತೊಡೆಗಳ ನಡುವೆ, ನುಣ್ಣಗೆ, ತಣ್ಣಗೆ, ಬಲವಾಗಿ ತಳ್ಳಿಕೊಂಡು ಹೋಗುತ್ತಿದ್ದವು. ಸಿದ್ದಬಸಪ್ಪನವರು ಬೆದರಿ ನಿಂತುಬಿಟ್ಟರು.

"ಏನಿದು ಕಾಲಿಗೆ?"

"ಗೆಂಡೆ, ಸಾವ್ಕಾರ್ರೆ," ಎಂದಳು ಹುಚ್ಚಮ್ಮ ಮುಂದಿನಿಂದ. "ಅವೂ ಬಸುರೀರೇ. ಮೆಲ್ಲಗೆ ಕಾಲೆತ್ತಿಡಿ, ತುಳೀಬೇಡಿ."

ಹುಟ್ಟಿದಾಗಿನಿಂದ ಮೀನು ಮುಟ್ಟದ ಮನುಷ್ಯ ಆ ಮಳೆಯಲ್ಲಿ ಕೊಕ್ಕರೆಯ ಹಾಗೆ ಒಂದೊಂದೇ ಕಾಲನ್ನು ಎತ್ತಿ ಇಡುತ್ತ ನಡೆದರು. ನಾವೂ ಹಾಗೆಯೇ ನಡೆದೆವು. ಮೂಡಣ ದಡ ಹತ್ತಿದಾಗ ಒಂಬತ್ತೂವರೆ. ಮರದ ಲಾರಿಯೊಂದನ್ನು ಅಡ್ಡ ಹಾಕಿ ನಿಲ್ಲಿಸಿದೆವು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ತಾಯಿಯೂ ಉಳಿದಳು.

ಮರುದಿನ ಸೋಮ ನಾಲ್ಕು ಹೊಸ ಗೂಟ ಕೆತ್ತಿಕೊಂಡು ಅಣ್ಣನ ಮನೆಗೆ ಬಂದ. ಇವನ್ನು ನೀನೇ ನೆಟ್ಟುಬಿಡು ಅತ್ತಿಗೆ, ಗೂಟದಿಂದ ಮೀನಿಗೇನೂ ಅಡ್ಡಿಯಿಲ್ಲ, ಜನಕ್ಕೆ ದಾರಿ ಕಾಣುತ್ತದೆ ಎಂದ. ನಾನು ಅಲ್ಲೇ ಇದ್ದೆ. ನನಗೂ ಅದು ಸರಿ ಕಂಡಿತು.

"ನೆಟ್ರೆ ಒಪ್ಕಂಡಂಗೆ," ಎಂದಳು. "ಅವರು ಬಂದು ಗೂಟ ಎಣಿಸಿ ಕಲ್ಲು ಸುರೀತಾರೆ. ದಾಟೋರಿದ್ರೆ ನನ್ನ ಕರೀರಿ."

ಆ ಮಳೆಗಾಲದಲ್ಲಿ ಹನ್ನೊಂದು ಸಲ ಕರೆದರು. ಹಾವು ಕಡಿದವನೊಬ್ಬ, ಜ್ವರದ ಮುದುಕಿ, ಪರೀಕ್ಷೆಗೆ ಹೋಗಬೇಕಾದ ಮೂವರು ಹುಡುಗಿಯರು. ರಸ್ತೆ ಬೇಕೆಂದವರೂ ಕರೆದರು, ಬೇಡವೆಂದವರೂ ಕರೆದರು. ಪ್ರತಿ ಸಲವೂ ಅವಳು ಆ ನೂರಡಿಯಲ್ಲಿ ಕೈ ಎತ್ತಿ ನಿಂತಳು. ಆಗಸ್ಟಿನಲ್ಲಿ ಅವಳಿಗೆ ಎದೆಯಲ್ಲಿ ಕಫ ಕಟ್ಟಿ, ಜವರಯ್ಯ ಊರಿಗೆಲ್ಲ ಬೈದ. ಉಪ್ಪಿನ ಚೀಲವೊಂದು ಅವರ ಜಗಲಿಗೆ ತಾನಾಗಿ ಬಂದು ಕೂತಿತ್ತು. ಯಾರು ಇಟ್ಟರೆಂದು ಯಾರೂ ಕೇಳಲಿಲ್ಲ.

ಕಫ ಇಳಿದ ಮೇಲೆ ನನ್ನ ಜಗಲಿಗೆ ಬಂದು, ಅರ್ಜಿ ಬರಿ ಎಂದಳು. ರಸ್ತೆ ಬೇಡವೆಂದು ಆರು ಅರ್ಜಿ ಬರೆದವನ ಕೈಯಲ್ಲಿ, ರಸ್ತೆ ಬೇಕು, ನೂರಡಿ ಸೇತುವೆಯ ಜತೆ ಬೇಕು, ಸೇತುವೆ ಇಲ್ಲದಿದ್ದರೆ ಬೇಡ ಎಂದು ಬರೆಸಿದಳು. ಮೂರು ಸಾಲು. ನಾನು ಅಲಂಕಾರಕ್ಕೆ ಎರಡು ಸೇರಿಸಿದ್ದನ್ನು ಓದಿಸಿಕೊಂಡು ಹೊಡೆದು ಹಾಕಿಸಿದಳು. ಹೆಬ್ಬೆಟ್ಟು ಒತ್ತಿದಳು. ಅದರ ಪಕ್ಕದಲ್ಲಿ ಸಿದ್ದಬಸಪ್ಪನವರು ಸಹಿ ಮಾಡಿದರು. ಮಡಿಕೇರಿಗೆ ನಾನೇ ಬಸ್ಸಿನಲ್ಲಿ ಒಯ್ದು ಕೊಟ್ಟು ಬಂದೆ. ಬೆಳ್ಳಿಯಪ್ಪನವರು ಓದಿ, ಇದನ್ನು ಒಪ್ಪುವ ಕುರ್ಚಿ ಈ ಕಟ್ಟಡದಲ್ಲಿ ಎಷ್ಟು ದಿನ ಇರುತ್ತದೋ ಗೊತ್ತಿಲ್ಲ ಎಂದರು.

ಅಕ್ಟೋಬರ್ ಮೂವತ್ತೊಂದರಂದು ನಾನು ಸಂತೆ ಕಡೆಯಿಂದ ಬರುತ್ತಿದ್ದೆ. ಹುಚ್ಚಮ್ಮ ದಡದಲ್ಲಿ ಕೂಣಿ ತೊಳೆಯುತ್ತಿದ್ದಳು. ನೀರು ಇಳಿದು ಗೂಟಗಳು ಮೊಳದುದ್ದ ಮೇಲೆ ಬಂದಿದ್ದವು. ಎರಡರ ಮೇಲೆ ಮಿಂಚುಳ್ಳಿ ಕೂತಿದ್ದವು.

"ನಾಳೆಯಿಂದ ಕೊಡಗು ಮೈಸೂರಿಗಂತೆ," ಎಂದಳು. "ನಮ್ಮ ಕಾಗದ ಏನಾಯ್ತದೆ?"

ಅದೂ ಮೈಸೂರಿಗೆ ಹೋಗುತ್ತದೆ ಎಂದೆ.

"ನನ್ನ ಹೆಬ್ಬೆಟ್ಟೂ ಹೋಯ್ತದಾ? ಹಳೇದೂ, ಹೊಸದೂ?"

"ಎರಡೂ ಹೋಗುತ್ತೆ."

ಅವಳು ಕೂಣಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡಳು.

"ಹಂಗಾದ್ರೆ ಗೂಟ ಇರ್ಲಿ, ತೆರವೂ ಇರ್ಲಿ" ಎಂದಳು.